ಫಲಕಕ್ಕಿಂತ ವಿದ್ಯಾರ್ಥಿವೇತನ ಮೇಲು

ಮಾನ್ಯರೇ,

ಪ್ರಾಟೆಸ್ಟೆಂಟ್ ಕ್ರೈಸ್ತರ ರಿಫಾರ್ಮ್ಡ್ ಪಂಥದ ದೈವಶಾಸ್ತ್ರ ಶಿಕ್ಷಣಕ್ಕೆ ಬದುಕನ್ನೇ ಮುಡಿಪಾಗಿಟ್ಟ ಸೆಮಿನರಿ (ಪಾದ್ರಿಗಳನ್ನು ತರಬೇತುಗೊಳಿಸುವ ಕಾಲೇಜು) ಅಧ್ಯಕ್ಷರ ಗೌರವವನ್ನು ಗೋಡೆಯ ಮೇಲಿನ ಫಲಕ, ಭಾವಚಿತ್ರಕ್ಕೆ ಸೀಮಿತಗೊಳಿಸುವುದು ಸಲ್ಲದು. ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಸೆಮಿನರಿಯನ್ನು 1993ರಿಂದ 2017ರವರೆಗೆ ಮುನ್ನಡೆಸಿದ ಡಬ್ಲ್ಯೂ. ರಾಬರ್ಟ್ ಗಾಡ್‌ಫ್ರೀ ಅವರನ್ನೇ ನೋಡಿ. ಆಡಳಿತದ ಜೊತೆಗೆ ಚರ್ಚ್ ಇತಿಹಾಸದ ಬೋಧಕರೂ ಆಗಿದ್ದರು. 1559ರಲ್ಲಿ ಈ ಪಂಥದ ಪ್ರವರ್ತಕರಲ್ಲೊಬ್ಬರಾದ ಜಾನ್ ಕ್ಯಾಲ್ವಿನ್ ಜಿನೀವಾದಲ್ಲಿ ಅಕಾಡೆಮಿ ತೆರೆದ ಕಾಲದಿಂದಲೂ ಈ ಪರಂಪರೆ ಬೈಬಲ್‌ನ ಮೂಲಭಾಷೆಗಳಾದ ಹೀಬ್ರೂ, ಗ್ರೀಕ್ ಕಲಿಕೆಗೆ ಒತ್ತು ಕೊಟ್ಟಿದೆ. ಅಂಥ ಓದಿಗೆ ವರ್ಷಗಳು ಬೇಕು, ಹಣವೂ ಬೇಕು (ದಾನಿಗಳ ಬಾಗಿಲು ತಟ್ಟಿದ ಅಧ್ಯಕ್ಷರಿಗೆ ಇದನ್ನು ಹೇಳಿಕೊಡಬೇಕಿಲ್ಲ!). ಆದ್ದರಿಂದ ಇಂಥ ಹಿರಿಯರ ಹೆಸರಿನಲ್ಲಿ ಮೂಲಭಾಷೆ ಕಲಿಯುವ ಬಡವರಿಗೆ ಸೆಮಿನರಿಗಳು ವಿದ್ಯಾರ್ಥಿವೇತನ ಸ್ಥಾಪಿಸಲಿ. ತರಗತಿ ಉಪನ್ಯಾಸಗಳ ಧ್ವನಿಮುದ್ರಣಗಳಿದ್ದರೆ ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಮಾಡಲಿ.

– ಒಬ್ಬ ಓದುಗ