ಕಿಟಕಿಯಿಲ್ಲದ ಕ್ಯಾಬಿನ್ ಬಗ್ಗೆ

ಬಲ್ಮಠ, ಮಂಗಳೂರು
ಜೂನ್ 14

ಪ್ರೀತಿಯ ಪುಟ್ಟಿ,

ನಿನ್ನ ಪತ್ರವನ್ನು ನಿನ್ನ ಅಮ್ಮ ರಾತ್ರಿ ಊಟದ ಹೊತ್ತಿಗೆ ಎಲ್ಲರಿಗೂ ಕೇಳುವ ಹಾಗೆ ಓದಿದಳು. ಹಡಗಿನ ಪುಸ್ತಕದ ಅಂಗಡಿಯಲ್ಲಿ ಕೆಲಸ ಸಿಕ್ಕಿದ್ದು, ಕ್ಯಾಬಿನ್ನಿನ ಜೊತೆಯವರು, ಅನ್ನಕ್ಕೆ ಸಾರಿಲ್ಲದ್ದು, ಎಲ್ಲ ಓದಿದಳು. ಕೊನೆಯ ನಾಲ್ಕು ಸಾಲು ಮಾತ್ರ ಓದಲಿಲ್ಲ. ಕಾಗದ ಮಡಚಿ ನನ್ನ ಕೈಗಿಟ್ಟು ಒಳಗೆ ಹೋದಳು.

"ನನ್ನ ಕ್ಯಾಬಿನ್ನಿಗೆ ಕಿಟಕಿ ಇಲ್ಲ ಮಾವ, ಅದು ನೀರಿನ ಮಟ್ಟಕ್ಕಿಂತ ಕೆಳಗೆ ಉಂಟು. ನನ್ನ ನಿದ್ದೆ ಎಂಥದ್ದು ಅಂತ ನಿಮಗೆ ಗೊತ್ತು. ರಾತ್ರಿ ಗಂಟೆ ಹೊಡೆದು ಎಲ್ಲರೂ ಮೇಲೆ ಹೋಗಿ ನಾನೊಬ್ಬಳೇ ಕೆಳಗೆ ಉಳಿದರೆ?"

ಮೂರು ದಿನದಿಂದ ಇದೇ ಸಾಲು ತಲೆಯಲ್ಲಿ ತಿರುಗುತ್ತಿದೆ. ಸಂಬಳವಿಲ್ಲದ ಎರಡು ವರ್ಷದ ಸೇವೆಯ ಬಗ್ಗೆ, ಚರ್ಚಿನ ಸಭೆಯವರು ಕೊಡುವ ಸಹಾಯದ ಬಗ್ಗೆ, ಮದುವೆ ಮುಂದೆ ಹೋಗುವುದರ ಬಗ್ಗೆ ಮನೆಯಲ್ಲಿ ಮಾತಾಡಿ ಮುಗಿದಿದೆ. ಅದನ್ನು ಬಿಡುತ್ತೇನೆ. ಈ ಒಂದೇ ಮಾತಿಗೆ ಉತ್ತರ ಬರೆಯಬೇಕು ಅಂತ ಕೂತಿದ್ದೇನೆ.

ಮೊದಲು ಅಪಾಯದ ಗಂಟೆಯ ವಿಷಯ. ಏಳು ಗಿಡ್ಡ ಸದ್ದು, ಒಂದು ಉದ್ದ. ಅದು ನಿನಗೆ ಮೊದಲ ದಿನವೇ ಹೇಳಿರುತ್ತಾರೆ. ಹೇಳಿರದ ಮಾತು ಒಂದು ಉಂಟು: ಆ ಗಂಟೆಯನ್ನು ಮಲಗಿದವರ ಕಿವಿಯ ಲೆಕ್ಕದಲ್ಲೇ ಅಳೆದು ಇಟ್ಟಿರುತ್ತಾರೆ. ಹಾಸಿಗೆಯ ಮೇಲೆ ತಲೆ ಇರುವ ಜಾಗದಲ್ಲಿ ಕನಿಷ್ಠ 75 ಡೆಸಿಬಲ್ ಕೇಳಬೇಕು, ಸುತ್ತಲಿನ ಸದ್ದಿಗಿಂತ 10 ಡೆಸಿಬಲ್ ಹೆಚ್ಚಿರಬೇಕು ಎಂದು ನಿಯಮ. ಇದು ಕೆಲಸ ಮಾಡದ ಹಾಗೆ ಮಾಡುವವರು ನಾವೇ. ಮೇಲಿನ ಬಂಕಿನವರ ಗೊರಕೆ ತಡೆಯದೆ ಕಿವಿಗೆ ಸ್ಪಂಜು ತುರುಕಿಕೊಳ್ಳುವುದು, ಹಾಡು ಕೇಳುತ್ತ ಇಯರ್‌ಫೋನಿನಲ್ಲೇ ನಿದ್ದೆ ಹೋಗುವುದು, ಗಂಟೆಯ ಪೆಟ್ಟಿಗೆಗೆ ಬಟ್ಟೆ ಸುತ್ತುವುದು. ಇನ್ನೊಂದು, ಇಲ್ಲಿಂದ ಅವೊಮಿನ್ ಮಾತ್ರೆ ಕಟ್ಟಿಕೊಟ್ಟಿದ್ದೇವಲ್ಲ, ಅದು ವಾಂತಿ ನಿಲ್ಲಿಸುತ್ತದೆ, ಆದರೆ ನಿದ್ದೆಯನ್ನೂ ಭಾರ ಮಾಡುತ್ತದೆ. ನಿನ್ನಂಥವಳು ಹಡಗಿನ ಡಾಕ್ಟರನ್ನು ಕೇಳದೆ ಅದನ್ನು ರಾತ್ರಿ ನುಂಗಬೇಡ. ಜೊತೆಯ ಮೂವರಿಗೂ ಇವತ್ತೇ ಹೇಳು, "ನಾನು ಏಳದಿದ್ದರೆ ಕಾಲು ಹಿಡಿದು ಎಳೆಯಿರಿ" ಅಂತ. ನಾಚಿಕೆ ಪಡಬೇಡ. ಅವರೊಳಗೂ ಒಬ್ಬಳು ಇದನ್ನೇ ಕೇಳಬೇಕು ಅಂತ ಕಾಯುತ್ತಿರಬಹುದು.

ನಾನೊಬ್ಬಳೇ ಕೆಳಗೆ ಉಳಿದರೆ, ಅಂದೆಯಲ್ಲ. ಮಸ್ಟರ್ ಲಿಸ್ಟಿನಲ್ಲಿ, ಅಂದರೆ ಅಪಾಯದ ಹೊತ್ತಿಗೆ ಯಾರು ಎಲ್ಲಿ ಸೇರಬೇಕು ಎಂಬ ಪಟ್ಟಿಯಲ್ಲಿ, ನಿನ್ನ ಹೆಸರು ಉಂಟು. ಎಲ್ಲರೂ ಸೇರುವ ಜಾಗವಾದ ಮಸ್ಟರ್ ಸ್ಟೇಷನ್ನಿನಲ್ಲಿ ಹೆಸರು ಕೂಗುವವನು ನಿನಗೆ ಟಿಕ್ ಹಾಕದೆ "ಎಲ್ಲರೂ ಇದ್ದಾರೆ" ಎಂದು ಹಡಗು ನಡೆಸುವ ಬ್ರಿಜ್‌ಗೆ ಹೇಳುವ ಹಾಗಿಲ್ಲ. ಒಬ್ಬರು ಕಡಿಮೆ ಎಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿದವರು ಹುಡುಕಲು ಇಳಿಯುತ್ತಾರೆ. ಅದಕ್ಕೇ ಬಂದರಿನಲ್ಲಿ ಇಳಿಯುವಾಗ, ಹತ್ತುವಾಗ ಹಡಗಿನ ಮೆಟ್ಟಿಲ ಬಳಿ, ಗ್ಯಾಂಗ್‌ವೇಯಲ್ಲಿ, ಗುರುತು ಹಾಕಲು ಒಂದು ದಿನವೂ ಮರೆಯಬೇಡ. ಹೊರಗೆ ಹೋದವಳು ಒಳಗಿದ್ದಾಳೆ ಎಂದು ಪಟ್ಟಿ ಹೇಳಿದರೆ, ಇಲ್ಲದ ಹುಡುಗಿಗಾಗಿ ಯಾರದೋ ಮಗ ಹೊಗೆಯೊಳಗೆ ಹೋಗಬೇಕಾಗುತ್ತದೆ.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸರಕು ಹಡಗಿನ ಕಾಲದಲ್ಲಿ, ಇಂಜಿನ್ ರೂಮಿನ ಪಾಳಿ ಮುಗಿಸಿ ಬಂದ ಸುಸ್ತಿನಲ್ಲಿ, ಗಂಟೆ ಹೊಡೆದು ಅಭ್ಯಾಸ ಮಾಡಿಸುವ ಡ್ರಿಲ್ಲಿಗೆ ಹೋಗದೆ ಹಾಜರಿ ಹಾಳೆಗೆ ಸಹಿ ಹಾಕಿದ್ದೇನೆ. ಒಂದು ಸಲ ಅಲ್ಲ. ನನ್ನನ್ನು ನೋಡಿ ಚಿಕ್ಕ ಹುಡುಗರೂ ಕಲಿತರು. ಏನೂ ಆಗಲಿಲ್ಲ ನಿಜ, ಆದರೆ ನಿನ್ನ ಸಾಲು ಓದಿದ ರಾತ್ರಿ ನನಗೆ ನೆನಪಾದದ್ದು ಆ ಸಹಿಗಳೇ. ನಿಮ್ಮದರಂಥ ಹಡಗಿನಲ್ಲಿ ಡ್ರಿಲ್ ವಾರವಾರವೂ ಬರುತ್ತದೆ. ಬೇಸರ ಬರುವಷ್ಟು ಬರುತ್ತದೆ. ಬೆಳಿಗ್ಗೆ ಬ್ರೆಡ್ಡು ಸೀದು, ಸ್ನಾನದ ಬಿಸಿ ಹಬೆ ಹೊಗೆ ಪತ್ತೆ ಮಾಡುವ ಡಿಟೆಕ್ಟರಿಗೆ ತಾಗಿ ಸುಳ್ಳು ಅಲಾರಂ ಕೂಡ ಬರುತ್ತದೆ. ಹತ್ತು ಸುಳ್ಳಾದ ಮೇಲೆ ಹನ್ನೊಂದನೆಯದಕ್ಕೆ ಯಾರೂ ಏಳುವುದಿಲ್ಲ. ನೀನು ಏಳು.

ನೀರಿನ ಮಟ್ಟದ ಕೆಳಗೆ ಅನ್ನುವ ಮಾತೇ ನಿನ್ನನ್ನು ಹಿಡಿದದ್ದು ಅಂತ ನನಗೆ ಅನಿಸುತ್ತದೆ. ನಿನ್ನ ಹಡಗು ಲೋಗೋಸ್ ಹೋಪ್ 1973ರಲ್ಲಿ ಕಾರು ಸಾಗಿಸುವ ದೋಣಿಯಾಗಿ ಹುಟ್ಟಿದ್ದು, ಆಗ ಅದರ ಹೆಸರು ಗುಸ್ತಾವ್ ವಾಸಾ. 2004ರಲ್ಲಿ ಕೊಂಡು, ಒಳಗೆಲ್ಲ ಒಡೆದು ಕಟ್ಟಿ, 2009ರಲ್ಲಿ ಸೇವೆಗೆ ಇಳಿಸಿದರು. ಹೀಗೆ ಬದಲಾದ ಹಡಗಿನಲ್ಲಿ ಓಣಿಗಳು ನೇರ ಇರುವುದಿಲ್ಲ, ಹೊಸಬರು ದಾರಿ ತಪ್ಪುವುದು ಸಹಜ. ಆದರೆ ಪ್ರಯಾಣಿಕ ಹಡಗಿನ ನಿಯಮ ಒಂದು ಉಂಟು, ಇದನ್ನು ನಿಧಾನವಾಗಿ ಎರಡು ಸಲ ಓದು. ನೀರು ತಡೆಯುವ ಅಡ್ಡಗೋಡೆಗಳು ಮೇಲೆ ಮುಗಿಯುವ ಬಲ್ಕ್‌ಹೆಡ್ ಡೆಕ್ಕಿನ ಕೆಳಗೆ ಇರುವ, ನೀರು ನುಗ್ಗದ ಹಾಗೆ ಮುಚ್ಚಬಹುದಾದ ಪ್ರತಿಯೊಂದು ವಾಟರ್‌ಟೈಟ್ ವಿಭಾಗದಿಂದ ಹೊರಗೆ ಬರಲು ಎರಡು ದಾರಿ ಇರಬೇಕು. ಅದರಲ್ಲಿ ಒಂದಾದರೂ ವಾಟರ್‌ಟೈಟ್ ಬಾಗಿಲಿನ ಹಂಗಿಲ್ಲದೆ ಮೇಲಕ್ಕೆ ಹೋಗಬೇಕು. ಅಂದರೆ ಆ ಭಾರದ ಬಾಗಿಲುಗಳೆಲ್ಲ ಮುಚ್ಚಿದರೂ ನೀನು ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಹಾಗೆ ಆಗುವುದಿಲ್ಲ. ಆ ದಾರಿ ಒಂದು ಕಡಿದಾದ ಏಣಿ ಇರಬಹುದು, ಮೇಲೆ ಒಂದು ಮುಚ್ಚಳ ಇರಬಹುದು. ಹಗಲಲ್ಲಿ ಅದು ಇರುವುದೇ ಗೊತ್ತಾಗುವುದಿಲ್ಲ. ಹುಡುಕು. ಸುರಕ್ಷತಾ ಅಧಿಕಾರಿಯನ್ನು ಕೇಳಿ, ಅವರು ಒಪ್ಪಿದರೆ ಒಮ್ಮೆ ಅದರಲ್ಲೇ ಹತ್ತಿ ನೋಡು.

ಆ ವಾಟರ್‌ಟೈಟ್ ಬಾಗಿಲಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಕೋಪ ಮಾಡಬೇಡ. ಅದು ಪಕ್ಕದಿಂದ ಜಾರಿ ಮುಚ್ಚುತ್ತದೆ. ಬ್ರಿಜ್‌ನಿಂದ ಒತ್ತಿದರೆ ಹಡಗಿನ ಎಲ್ಲ ಬಾಗಿಲೂ 60 ಸೆಕೆಂಡಿನೊಳಗೆ ಮುಚ್ಚಬೇಕು. ಮಧ್ಯೆ ಕೈ ಬಂತು, ಕಾಲು ಬಂತು ಎಂದು ಅದು ಲಿಫ್ಟಿನ ಬಾಗಿಲಿನ ಹಾಗೆ ಹಿಂದೆ ಸರಿಯುವುದಿಲ್ಲ. ಇದರಲ್ಲಿ ಸಿಕ್ಕಿ ಸತ್ತವರಲ್ಲಿ ಹಳೆಯ ನಾವಿಕರೂ ಇದ್ದಾರೆ, ಅರ್ಧ ತೆರೆದು ಕೈಯಲ್ಲಿ ತಟ್ಟೆಯೋ ಪೆಟ್ಟಿಗೆಯೋ ಹಿಡಿದು ನುಸುಳಿದವರು. ಪುಸ್ತಕದ ಪೆಟ್ಟಿಗೆ ಸಾಗಿಸುವಾಗ ನಿನಗೂ ಅದೇ ಆಸೆ ಬರುತ್ತದೆ. ಪೆಟ್ಟಿಗೆ ಕೆಳಗಿಡು, ಬಾಗಿಲನ್ನು ಪೂರ್ತಿ ತೆರೆ, ಎರಡೂ ಕೈ ಖಾಲಿ ಇರಲಿ. ಗಂಟೆ ಬಾರಿಸುತ್ತ ಮುಚ್ಚುತ್ತಿದ್ದರೆ ಹತ್ತಿರ ಹೋಗಬೇಡ, ಇನ್ನೊಂದು ದಾರಿ ಉಂಟು.

ದೀಪ ಹೋದರೆ? ಇದನ್ನು ನೀನು ಕೇಳಿಲ್ಲ, ಆದರೆ ಕತ್ತಲು ಇಲ್ಲದೆ ಆ ಹೆದರಿಕೆ ಹುಟ್ಟುವುದಿಲ್ಲ. ಜನರೇಟರ್ ನಿಂತರೆ ಮೊದಲು ಗೊತ್ತಾಗುವುದು ಕಿವಿಗೆ. ಹಗಲೂ ರಾತ್ರಿ ಇದ್ದ ಗುಂಯ್ ಸದ್ದು ತಟ್ಟನೆ ನಿಲ್ಲುತ್ತದೆ, ಗಾಳಿಯ ಕೊಳವೆ ಉಸಿರು ಬಿಟ್ಟ ಹಾಗೆ ಮಾಡಿ ಸುಮ್ಮನಾಗುತ್ತದೆ. ಆಗ ಎಣಿಸು. ಎಮರ್ಜೆನ್ಸಿ ಜನರೇಟರ್ 45 ಸೆಕೆಂಡಿನೊಳಗೆ ತಾನಾಗಿ ಏಳಬೇಕು. ಅದು ಕೆಳಗಿನ ಇಂಜಿನ್ ರೂಮಿನಲ್ಲಿ ಇರುವುದಿಲ್ಲ, ನೀರೂ ಬೆಂಕಿಯೂ ಬೇಗ ತಲುಪದ ಹಾಗೆ ಮೇಲಿನ ಡೆಕ್ಕಿನಲ್ಲಿ ಇರುತ್ತದೆ. ಪ್ರಯಾಣಿಕ ಹಡಗಿನಲ್ಲಿ 36 ಗಂಟೆಗೆ ಸಾಲುವಷ್ಟು ಎಣ್ಣೆ ಅದಕ್ಕೆ ಬೇರೆಯೇ ಇಡಬೇಕು. ಹೊಗೆ ತುಂಬಿ ಮೇಲಿನ ದೀಪ ಕಾಣದಿದ್ದರೂ ಓಣಿಯ ಬುಡದಲ್ಲಿ, ನೆಲದಿಂದ 30 ಸೆಂಟಿಮೀಟರ್ ಒಳಗೆ, ಹೊಳೆಯುವ ಪಟ್ಟಿ ಉಂಟು. ಹೊಗೆ ಮೇಲೆ ನಿಲ್ಲುತ್ತದೆ, ಒಳ್ಳೆಯ ಗಾಳಿ ಕೆಳಗೆ ಉಳಿಯುತ್ತದೆ, ಅದಕ್ಕೇ ಪಟ್ಟಿ ಅಷ್ಟು ಕೆಳಗೆ. ಬಗ್ಗಿ ಹೋಗು, ಒಂದು ಕೈ ಗೋಡೆಯ ಹಿಡಿಯ ಮೇಲಿರಲಿ. ಬಾಗಿಲು ತೆರೆಯುವ ಮೊದಲು ಅಂಗೈ ಅಲ್ಲ, ಕೈಯ ಹಿಂಬದಿ ತಾಗಿಸಿ ನೋಡು.

ಹಡಗು ಮುಳುಗುವುದಕ್ಕಿಂತ ಬೆಂಕಿಗೆ ಹೆದರುವುದು ಸರಿಯಾದ ಹೆದರಿಕೆ. ಕ್ಯಾಬಿನ್ನಿನ ಬೆಂಕಿ ಹುಟ್ಟುವುದು ಅಗ್ಗದ ಚಾರ್ಜರಿನಿಂದ, ಒಂದಕ್ಕೊಂದು ಸಿಕ್ಕಿಸಿದ ಎಕ್ಸ್‌ಟೆನ್ಶನ್ ಬೋರ್ಡಿನಿಂದ, ದಿಂಬಿನ ಕೆಳಗಿಟ್ಟ ಫೋನಿನಿಂದ, ಬಟ್ಟೆ ಒಣಗಿಸುವ ಯಂತ್ರದಲ್ಲಿ ಜಮೆಯಾದ ನೂಲಿನ ದೂಳಿನಿಂದ. ಪ್ರತಿ ಸಲ ಆ ಜಾಲರಿ ತೆಗೆದು ಒರೆಸು. ಮೇಣದ ಬತ್ತಿ ಬೇಡ, ಕ್ರಿಸ್ಮಸ್ ರಾತ್ರಿಯೂ ಬೇಡ. ಮೆಟ್ಟಿಲ ಬಳಿಯ ಫೈರ್ ಡೋರಿಗೆ ಓಡಾಟಕ್ಕೆ ಅಡ್ಡಿ ಎಂದು ಯಾರಾದರೂ ಬೆಣೆ ಇಟ್ಟಿದ್ದು ಕಂಡರೆ ತೆಗೆದುಬಿಡು. ಆ ಬಾಗಿಲುಗಳಲ್ಲಿ ಅತ್ಯಂತ ಗಟ್ಟಿಯವು ಒಂದು ಗಂಟೆ ಬೆಂಕಿ ತಡೆಯುತ್ತವೆ. ತೆರೆದಿಟ್ಟರೆ ಒಂದು ನಿಮಿಷವೂ ಇಲ್ಲ.

ನಿಮ್ಮ ಸಂಸ್ಥೆಯದೇ ಮೊದಲ ಪುಸ್ತಕದ ಹಡಗು ಲೋಗೋಸ್‌ನ ಮಾತು ಹೇಳದೆ ನಿನಗೆ ಸಮಾಧಾನ ಹೇಗೆ ಬರೆಯಲಿ? ಅದು 1988ರ ಜನವರಿ 4ರ ರಾತ್ರಿ, ಅರ್ಜೆಂಟೀನಾದ ಉಷ್ವಾಯಾ ಬಂದರು ಬಿಟ್ಟ ಮೇಲೆ, ಬೀಗಲ್ ಜಲಸಂಧಿಯ ಬಂಡೆಗೆ ಏರಿ ಕೂತಿತು. ಭೂಮಿಯ ದಕ್ಷಿಣದ ತುದಿ ಅದು, ನೀರು ಮಂಜಿನಷ್ಟು ತಣ್ಣಗೆ. ಒಳಗೆ ಗಂಡಸರು, ಹೆಂಗಸರು, ಮಕ್ಕಳು ಸೇರಿ 139 ಮಂದಿ. ನಿದ್ದೆಯಿಂದ ಎದ್ದವರು, ಕೆಳಗಿನ ಕ್ಯಾಬಿನ್ನಿನವರು, ಎಲ್ಲರೂ ಮಸ್ಟರಿಗೆ ಬಂದರು, ಲೈಫ್‌ಬೋಟಿಗೆ ಇಳಿದರು, ಚಿಲಿ ದೇಶದ ನೌಕಾಪಡೆಯವರು ದಡ ಸೇರಿಸಿದರು. ಹಡಗು ಈಗಲೂ ಅಲ್ಲೇ ಬಿದ್ದಿದೆ. 139 ಮಂದಿಯಲ್ಲಿ ಒಬ್ಬರನ್ನೂ ಕಳೆದುಕೊಳ್ಳಲಿಲ್ಲ. ಪ್ರತಿ ಸಲವೂ ಅದೇ ಬೇಸರದ ಡ್ರಿಲ್ ಮಾಡಿದ್ದ ಜನವೇ ಅವರು. ದೇವರು ಕಾಪಾಡಿದ ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಹೆಸರು ಕೂಗಿ ಟಿಕ್ ಹಾಕಿದ ಆ ಪಟ್ಟಿಯನ್ನೂ ಆತನೇ ಬಳಸಿದ.

ಆ ಸುದ್ದಿ ಮಂಗಳೂರು ತಲುಪಿದಾಗ ನಾನು ಬೇರೆ ಹಡಗಿನಲ್ಲಿದ್ದೆ. ನಿನ್ನ ಅಜ್ಜಿಗೆ ಹಡಗು ಅಂದರೆ ಎಲ್ಲ ಒಂದೇ. ನಾನು ಪ್ರತಿ ಕಾಗದದಲ್ಲೂ "ಎಲ್ಲ ಕ್ಷೇಮ" ಎಂದಷ್ಟೇ ಬರೆಯುತ್ತಿದ್ದೆ. ಯಾವ ಹಡಗು, ಯಾವ ಸಮುದ್ರ, ಏನು ಕೆಲಸ, ಏನು ಅಪಾಯ, ಒಂದನ್ನೂ ಬರೆದವನಲ್ಲ. ಗೊತ್ತಿದ್ದರೆ ಅಷ್ಟು ದಿನ ಊಟ ಬಿಡುತ್ತಿರಲಿಲ್ಲ ಅವರು. ನೀನು ಹೆದರಿಕೆಯನ್ನು ಇದ್ದ ಹಾಗೆ ಬರೆದದ್ದು ನನಗೆ ನೋವಾದರೂ ಒಳ್ಳೆಯದಾಯಿತು. ಅಮ್ಮನಿಗೂ ಬರೆ. ಮುಚ್ಚಿಟ್ಟರೆ ಅವಳು ಅದಕ್ಕಿಂತ ದೊಡ್ಡದನ್ನು ಊಹಿಸಿಕೊಳ್ಳುತ್ತಾಳೆ.

ಇದನ್ನು ಬರೆಯಬೇಕೋ ಬೇಡವೋ ಅಂತ ಪೆನ್ನು ಕೆಳಗಿಟ್ಟಿದ್ದೆ. ದೂಲೋಸ್ ಎಂಬ ಇನ್ನೊಂದು ಪುಸ್ತಕದ ಹಡಗು, 1914ರಲ್ಲಿ ಕಟ್ಟಿದ್ದು, 2009ರ ಕೊನೆಯವರೆಗೂ ಓಡಿತು. ಅಷ್ಟು ಹಳೆಯ ಕಬ್ಬಿಣವೂ ಸಮುದ್ರದಲ್ಲಿ ಕೈಕೊಡಲಿಲ್ಲ. ಅದರ ಇಬ್ಬರು ಸತ್ತದ್ದು ದಡದಲ್ಲಿ, 1991ರ ಆಗಸ್ಟ್‌ನಲ್ಲಿ ಫಿಲಿಪ್ಪೀನ್ಸಿನ ಜಾಂಬೊಆಂಗಾದಲ್ಲಿ, ಕಾರ್ಯಕ್ರಮದ ನಡುವೆ ಬಿದ್ದ ಗ್ರೆನೇಡಿನಿಂದ. ನಿನ್ನನ್ನು ಹೆದರಿಸಲು ಅಲ್ಲ ಪುಟ್ಟಿ. ನೀನು ಎಲ್ಲ ಹೆದರಿಕೆಯನ್ನೂ ಆ ಕಿಟಕಿಯಿಲ್ಲದ ಗೋಡೆಗೆ ಅಂಟಿಸಿದ್ದೀ, ಅದಕ್ಕೆ ಬರೆದೆ. ದಡದ ಸೇವೆಗೆ ಹೋದಾಗ ತಂಡ ಬಿಟ್ಟು ಹೋಗಬೇಡ, ಮುಖ್ಯಸ್ಥರು ಹಿಂದೆ ಬನ್ನಿ ಎಂದರೆ ಕೈಯಲ್ಲಿದ್ದ ಪುಸ್ತಕ ಬಿಟ್ಟಾದರೂ ಬಾ.

ಮತ್ತೆ ರಾತ್ರಿಗೇ ಬರುತ್ತೇನೆ. ಲೈಫ್‌ಜಾಕೆಟ್ ಎಲ್ಲಿ ಇಟ್ಟಿದ್ದೀ? ಮಂಚದ ಕೆಳಗೆ ಸೂಟ್‌ಕೇಸಿನ ಹಿಂದೆ ಇದ್ದರೆ ಈಗಲೇ ತೆಗೆದು ಮುಂದೆ ಇಡು. ಒಮ್ಮೆ ದೀಪ ಆರಿಸಿ, ಕಣ್ಣು ಮುಚ್ಚಿ ಹಾಕಿಕೊಂಡು ನೋಡು. ತಲೆ ತೂರಿಸಿ, ಪಟ್ಟಿಯನ್ನು ಬೆನ್ನಿನ ಹಿಂದಿನಿಂದ ತಂದು ಮುಂದೆ ಸಿಕ್ಕಿಸಿ, ಎಳೆದು ಬಿಗಿ ಮಾಡು. ಒಂದು ನಿಮಿಷದಲ್ಲಿ ಆಗಬೇಕು. ಸಡಿಲ ಬಿಟ್ಟರೆ ನೀರಿಗೆ ಬಿದ್ದಾಗ ಅದು ಮೇಲೆ ಬಂದು ಗದ್ದಕ್ಕೆ ಹೊಡೆಯುತ್ತದೆ. ಸೀಟಿ ಎಡಕ್ಕೋ ಬಲಕ್ಕೋ, ದೀಪ ಎಲ್ಲಿ, ಬೆರಳಿಗೆ ಗೊತ್ತಿರಲಿ. ಅದರ ಜೊತೆಗೆ ಉದ್ದ ತೋಳಿನ ಒಂದು ದಪ್ಪ ಅಂಗಿ, ಮುಚ್ಚಿದ ಚಪ್ಪಲಿ, ಸಣ್ಣ ಟಾರ್ಚು. ರಬ್ಬರ್ ಹವಾಯಿ ಹಾಕಿಕೊಂಡು ಕಬ್ಬಿಣದ ಮೆಟ್ಟಿಲು ಹತ್ತಬೇಡ. ಪಾಸ್‌ಪೋರ್ಟು, ಫೋನು ಹುಡುಕುತ್ತ ನಿಲ್ಲಬೇಡ. ಇಷ್ಟೆಲ್ಲ ಅವರೇ ಕಲಿಸಿರುತ್ತಾರೆ, ಗೊತ್ತು. ನನ್ನ ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆದೆ.

ಲೈಫ್‌ಬೋಟಿನೊಳಗೆ ತಲೆಗೆ ಮೂರು ಲೀಟರ್ ನೀರು ಇರುತ್ತದೆ, ವಾಂತಿಯ ಮಾತ್ರೆಯೂ ಇರುತ್ತದೆ, ಅಂತ ನಿನ್ನ ಅಮ್ಮನಿಗೆ ಹೇಳಿದೆ. ಆಕೆ ಮೊದಲ ಸಲ ಸ್ವಲ್ಪ ನಗು ತೋರಿಸಿದಳು.

ಒಂದು ಕೆಲಸ ಮಾಡು. ನಾಳೆ ಹಗಲು, ಹಾಸಿಗೆಯಿಂದ ಎದ್ದು ಮಸ್ಟರ್ ಸ್ಟೇಷನ್‌ವರೆಗೆ ನಡೆ. ಬಾಗಿಲು ಎಣಿಸು, ಮೆಟ್ಟಿಲು ಎಣಿಸು, ತಿರುವು ಎಡವೋ ಬಲವೋ ನೋಡು. ಆಮೇಲೆ ಇನ್ನೊಂದು ದಾರಿಯಿಂದ ಹಾಗೇ ಎಣಿಸು. ನಾಲ್ಕೈದು ದಿನ ಮಾಡಿದ ಮೇಲೆ, ಜೊತೆಯವಳೊಬ್ಬಳ ಕೈ ಹಿಡಿದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆ. ಮುಂದಿನ ಪತ್ರದಲ್ಲಿ ಬೇರೆ ಏನೂ ಬರೆಯಲು ಪುರುಸೊತ್ತಾಗದಿದ್ದರೂ ಸರಿ, ಆ ಎರಡು ದಾರಿಯ ಲೆಕ್ಕ ಬರೆ. ಇಲ್ಲಿ ರಾತ್ರಿ ಎಚ್ಚರವಾದಾಗ ನಾನೂ ಅದನ್ನು ಎಣಿಸುತ್ತೇನೆ.

ನಿನ್ನ
ಮಾವ