ಆರ್ಡರ್ ಕೊಡಬೇಡಿ, ರೀಡಿಂಗ್ ಕೊಡಿ

ಮಾನ್ಯರೆ,

‘ಫಸ್ಟ್ ಆರ್ಡರ್ ಕ್ರಿಯೆಯೊಂದು 10 ನಿಮಿಷದಲ್ಲಿ ಶೇ 90ರಷ್ಟು ಮುಗಿದರೆ ವೇಗ ಸ್ಥಿರಾಂಕ ಎಷ್ಟು?’ ರಾಸಾಯನಿಕ ಕ್ರಿಯೆಗಳ ವೇಗದ ಅಧ್ಯಾಯದ ಈ ಪ್ರಶ್ನೆ ದ್ವಿತೀಯ ಪಿಯು ವಿಜ್ಞಾನದ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. (ಪದಾರ್ಥದ ಸಾರತೆ, ಅಂದರೆ ಲೀಟರಿಗೆ ಎಷ್ಟಿದೆ ಎಂಬುದು, ಅರ್ಧವಾದಾಗ ವೇಗವೂ ಅರ್ಧವಾದರೆ ಫಸ್ಟ್ ಆರ್ಡರ್, ಕಾಲು ಭಾಗವಾದರೆ ಸೆಕೆಂಡ್ ಆರ್ಡರ್; ವೇಗವನ್ನು ಸಾರತೆಗೆ ಜೋಡಿಸುವ ಸಂಖ್ಯೆಯೇ ವೇಗ ಸ್ಥಿರಾಂಕ.) ಸೂತ್ರಕ್ಕೆ ಹಾಕಿ, ನಿಮಿಷಕ್ಕೆ 0.2303 ಎಂದು ಬರೆದು, ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಸಪ್ತಾಪುರದ ನಮ್ಮ ಮನೆಗೆ ಪಾಠಕ್ಕೆ ಬರುವ ಹುಡುಗಿಯನ್ನು ‘ಅದು ಫಸ್ಟ್ ಆರ್ಡರ್ ಅಂತ ಹೆಂಗ ಗೊತ್ತಾತವಾ?’ ಎಂದು ಕೇಳಿದೆ. ‘ಪ್ರಶ್ನೆದಾಗ ಕೊಟ್ಟಾರಲ್ರೀ ಮೇಡಂ’ ಎಂದಳು. ಅವಳದೇನೂ ತಪ್ಪಿಲ್ಲ. ಆರ್ಡರ್ ಯಾವುದೆಂದು ಮೊದಲೇ ಹೇಳಿಬಿಟ್ಟರೆ ರಸಾಯನಶಾಸ್ತ್ರದ ಕೆಲಸ ಅಲ್ಲಿಗೇ ಮುಗಿಯಿತು, ಉಳಿಯುವುದು ಬರೀ ಲಾಗ್ (ಲಾಗರಿದಮ್) ಕೋಷ್ಟಕ ನೋಡುವ ಕೆಲಸ.

ಅವಳಿಗೆ ಬೇರೆ ಲೆಕ್ಕ ಕೊಟ್ಟೆ. ಲೀಟರಿಗೆ 0.100 ಮೋಲ್ ಇದ್ದ ಪದಾರ್ಥ 10 ನಿಮಿಷಕ್ಕೆ 0.060, 20 ನಿಮಿಷಕ್ಕೆ 0.036 ಆಗಿದೆ. ಆರ್ಡರ್ ಹೇಳಲಿಲ್ಲ. ಸೆಕೆಂಡ್ ಆರ್ಡರ್ ಸೂತ್ರ ಹಚ್ಚಿ ನೋಡಿದಳು: ವೇಗ ಸ್ಥಿರಾಂಕ ಮೊದಲ ರೀಡಿಂಗಿಗೆ 0.67 ಬಂತು, ಎರಡನೆಯದಕ್ಕೆ 0.89. ಸ್ಥಿರಾಂಕವೆಂದ ಮೇಲೆ ಎರಡೂ ಒಂದೇ ಬರಬೇಕು. ಫಸ್ಟ್ ಆರ್ಡರ್ ಹಚ್ಚಿದಳು, ಎರಡಕ್ಕೂ 0.051! ‘ಇದ ಐತ್ರೀ’ ಎಂದು ತಾನೇ ಹೇಳಿದಳು. ಇನ್ನೂ ನಾಲ್ಕು ರೀಡಿಂಗ್ ಕೊಟ್ಟು, ಸಮಯಕ್ಕೆ ಎದುರಾಗಿ ಸಾರತೆಯ ಲಾಗ್ ಬೆಲೆ ಗುರುತಿಸಲು ಹೇಳಿದರೆ ಗೆರೆ ನೇರ ಬಂತೋ ಬಾಗಿತೋ ಕಣ್ಣಿಗೇ ಕಾಣುತ್ತದೆ; ನೇರ ಬಂದರೆ ಫಸ್ಟ್ ಆರ್ಡರ್. ಆ ಗೆರೆಯ ಇಳಿಜಾರನ್ನು (ಋಣ ಚಿಹ್ನೆ ಬಿಟ್ಟು) 2.303ರಿಂದ ಗುಣಿಸಿದರೆ ವೇಗ ಸ್ಥಿರಾಂಕ ಸಿಕ್ಕಿತು.

ಪದವಿಯಲ್ಲಿ ಆಮ್ಲದಲ್ಲಿ ಮೀಥೈಲ್ ಅಸಿಟೇಟ್ ಒಡೆಯುವ ವೇಗ ಅಳೆಯುವ ಪ್ರಯೋಗ ಮಾಡಿದವರಿಗೆ ಇದು ಗೊತ್ತು. ಹೊತ್ತು ಹೊತ್ತಿಗೆ 5 ಮಿ.ಲೀ. ಪಿಪೆಟ್‌ನಲ್ಲಿ ಎಳೆದು, ಕ್ರಿಯೆ ತಡೆಯಲು ಐಸ್ ನೀರಿಗೆ ಬಿಟ್ಟು, ಬಣ್ಣ ತೋರಿಸುವ ಸೂಚಕ ಫಿನಾಫ್ತಲೀನ್ ಹಾಕಿ, ತಿಳಿ ಗುಲಾಬಿ ಬರುವವರೆಗೆ ಸೋಡಿಯಂ ಹೈಡ್ರಾಕ್ಸೈಡ್ ಹನಿಸಬೇಕು. ಪಿಯು ಮಟ್ಟಕ್ಕೆ ಅಷ್ಟು ಬೇಡ. ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಫ್ಲಾಸ್ಕಿನ ಕೆಳಗಿನ ಹಾಳೆಯ ಗುಣಾಕಾರದ ಗುರುತು ಗಂಧಕದ ಮಬ್ಬಿನಲ್ಲಿ ಮುಚ್ಚಿಹೋಗುವ ಹೊತ್ತು ಅಳೆದರೂ ಸಾಕು. ಅದರಿಂದ ಸ್ಥಿರಾಂಕ ನೇರ ಸಿಗದು, ಆದರೆ ಸಾರತೆ ಅರ್ಧವಾದರೆ ವೇಗ ಏನಾಗುತ್ತದೆಂದು ಮಕ್ಕಳಿಗೆ ಕಾಣುತ್ತದೆ. ಥರ್ಮಾಮೀಟರ್ ಮಾತ್ರ ಮರೆಯಬಾರದು. 10 ಡಿಗ್ರಿ ಏರಿದರೆ ಅನೇಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗದಗಿನ ಜನವರಿಯ ಬೆಳಗಿಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ ಅದಕ್ಕಿಂತ ಹೆಚ್ಚು ಅಂತರವಿದೆ.

ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನನ್ನ ವಿನಂತಿ ಇಷ್ಟೇ: ಈ ಅಧ್ಯಾಯದಿಂದ ಒಂದು ಪ್ರಶ್ನೆಯನ್ನಾದರೂ ರೀಡಿಂಗ್‌ಗಳ ಕೋಷ್ಟಕ ಕೊಟ್ಟು ಕೇಳಿ. ಆರ್ಡರ್ ಕಂಡುಹಿಡಿದದ್ದಕ್ಕೂ ಯೂನಿಟ್ ಸರಿಯಾಗಿ ಬರೆದದ್ದಕ್ಕೂ ಬೇರೆ ಬೇರೆ ಅಂಕ ಇಡಿ.

– ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ