ಸೋಲಾರ್‌ಗೆ ಜಮೀನು: ಸಹಿ ಹಾಕುವ ಮುನ್ನ ಒಂದು ಲೆಕ್ಕ

ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಬಂದು ಇಲ್ಲಿ ವಿದೇಶದಲ್ಲಿ ನೆಲೆಸಿರುವ ನಮ್ಮ ಸಂಘದ ಸದಸ್ಯರಲ್ಲಿ ಊರಿನ ಜಮೀನಿನಲ್ಲಿ ಪಾಲು ಇರುವವರು ಕಡಿಮೆಯೇನಿಲ್ಲ. ಅಣ್ಣನೋ ಚಿಕ್ಕಪ್ಪನೋ ಫೋನ್ ಮಾಡಿ "ಸೋಲಾರ್‌ನೋರು ಜಮೀನು ಗುತ್ತಿಗೆಗೆ ಕೇಳ್ಕೊಂಡು ಬಂದವ್ರೆ, ನಿನ್ನ ಸೈನೂ ಬೇಕಂತೆ" ಎಂದರೆ, ಇತ್ತ ಕಡೆಯಿಂದ ಹೊರಡುವ ಮೊದಲ ಮಾತು "ಎಕರೆಗೆ ಎಷ್ಟಂತೆ?" ಅದನ್ನು ಕೇಳಬೇಡಿ ಎನ್ನುವವರಾರು. ಆದರೆ ಅಷ್ಟಕ್ಕೇ ಫೋನ್ ಇಡಬೇಡಿ. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ, ಶೇಕಡಾ ಎಷ್ಟು ಏರುತ್ತದೆ ಎಂಬುದರ ಮೇಲೆಯೇ ವ್ಯವಹಾರವೆಲ್ಲ ನಿಂತಿದೆ.

ಈ ಭಾಗದಲ್ಲಿ ಎಲ್ಲರೂ ಹಿಡಿಯುವ ಅಳತೆಗೋಲು ಪಾವಗಡದ ಸೌರ ಪಾರ್ಕ್. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸ್ಥಾವರ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಸರ್ಕಾರ ಜಮೀನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಿತು: 28 ವರ್ಷ, ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕಿ, ಬಿತ್ತನೆ ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡವರಿಗೆ ಇದು ಸಣ್ಣ ಮೊತ್ತವಲ್ಲ. ಒಪ್ಪಿದವರನ್ನು ಮೂರ್ಖರೆನ್ನುವ ಹಕ್ಕು ದೂರದಲ್ಲಿ ಕೂತ ನಮಗಂತೂ ಇಲ್ಲ.

ಆದರೆ ಲೆಕ್ಕ ನೋಡಿ. ಈ ದರದಲ್ಲಿ 27ನೇ ವರ್ಷಕ್ಕೆ ಬಾಡಿಗೆ ಸುಮಾರು 39,600 ರೂಪಾಯಿ. ಬೆಲೆಗಳು ವರ್ಷಕ್ಕೆ ಶೇ 5 ಏರುತ್ತವೆ ಎಂದು ಹಿಡಿದರೆ, ಆ 39,600ಕ್ಕೆ ಆಗ ಬರುವ ಸಾಮಾನು ಮೊದಲ ವರ್ಷದ ಸುಮಾರು 11,100 ರೂಪಾಯಿಗೆ ಬರುತ್ತಿದ್ದಷ್ಟೇ. ಅಂದರೆ ಬಾಡಿಗೆ ಹೆಚ್ಚುಕಡಿಮೆ ಅರ್ಧಕ್ಕಿಳಿದಂತೆ. ಇನ್ನೊಬ್ಬ ಕಂಪನಿಯವನು ಬಂದು 18,000ವೇ ಕೊಡುತ್ತೇನೆ, ಆದರೆ ಪ್ರತಿ ವರ್ಷ ಶೇ 5 ಏರಿಸುತ್ತೇನೆ ಎಂದನೆನ್ನಿ. ಎಂಟನೇ ವರ್ಷಕ್ಕೆ ಇವನ ಬಾಡಿಗೆ ಪಾವಗಡದ ದರವನ್ನು ದಾಟುತ್ತದೆ. 28 ವರ್ಷದ ಒಟ್ಟು ಮೊತ್ತ ಎಕರೆಗೆ 10.5 ಲಕ್ಷ, ಪಾವಗಡದ ದರದಲ್ಲಿ 8.2 ಲಕ್ಷ. ಊರಿನಲ್ಲಿ ಪಂಚಾಯ್ತಿ ಕೂತಾಗ ಮೂರು ಸಾವಿರ ಹೆಚ್ಚು ಕೊಟ್ಟವನೇ ಗೆಲ್ಲುತ್ತಾನೆ. ಫೋನಿನಲ್ಲೇ ಈ ಲೆಕ್ಕ ಹಾಕಿ ಅಣ್ಣತಮ್ಮಂದಿರಿಗೆ ತೋರಿಸಿ.

"ಅಷ್ಟು ಏರಿಸಿದರೆ ನಮಗೆ ಗಿಟ್ಟಲ್ಲ ಸ್ವಾಮಿ" ಎಂಬ ಉತ್ತರ ಕಂಪನಿಯವರಿಂದ ಬರುತ್ತದೆ. ಅದರಲ್ಲಿ ಅರ್ಧ ನಿಜವಿದೆ: ಕರೆಂಟ್ ಮಾರುವ ಕರಾರು ಸಾಮಾನ್ಯವಾಗಿ 25 ವರ್ಷಕ್ಕೆ, ಯೂನಿಟ್ ದರ ಬದಲಾಗುವುದಿಲ್ಲ. ಆದರೆ ಪಾವಗಡದ ಲೆಕ್ಕದಲ್ಲಿ ಒಂದು ಮೆಗಾವಾಟ್‌ಗೆ ಆರು ಎಕರೆ ಚಿಲ್ಲರೆ ಜಮೀನು ಬೇಕು. ನಮ್ಮ ಬಿಸಿಲಿಗೆ ಅದು ವರ್ಷಕ್ಕೆ ಸುಮಾರು 17 ಲಕ್ಷ ಯೂನಿಟ್ ಕೊಡುತ್ತದೆ. ಯೂನಿಟ್‌ಗೆ ಎರಡೂವರೆ ರೂಪಾಯಿ ಎಂದರೂ 42 ಲಕ್ಷಕ್ಕೂ ಮೇಲೆ. ಜಮೀನಿನ ಬಾಡಿಗೆ 1.3 ಲಕ್ಷ, ಅಂದರೆ ಶೇ 3ರ ಆಸುಪಾಸು. ಸಾಲದ ಬಡ್ಡಿ, ಪ್ಯಾನೆಲ್ ಖರ್ಚು ಎಲ್ಲ ಇದೆ, ಸರಿ. ಆದರೂ ಈ ಶೇ 3 ಎನ್ನುವುದು ಶೇ 4 ಆದರೆ ಸ್ಥಾವರ ಮುಳುಗುವುದಿಲ್ಲ.

ಇನ್ನು ಕಾಗದಪತ್ರ. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತಾತನ ಹೆಸರಲ್ಲೇ ಇರುತ್ತದೆ. ವಂಶವೃಕ್ಷ ಮಾಡಿಸಿ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಮುಗಿಸದೆ ಮಾತುಕತೆಗೆ ಕೂತರೆ ಬಾಡಿಗೆ ಹಣ ಯಾರ ಖಾತೆಗೆ ಎಂಬಲ್ಲಿಗೇ ಎಲ್ಲ ನಿಲ್ಲುತ್ತದೆ. ಜಂಟಿ ಪಹಣಿಯಾದರೆ ಪೋಡಿಯೂ, ಅಂದರೆ ಅವರವರ ಪಾಲನ್ನು ಅಳೆದು ಬೇರೆ ಮಾಡುವುದೂ ಆಗಲಿ. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟಿದೆ ನೋಡಿಕೊಳ್ಳಿ. ಅದರಲ್ಲಿ ದಾರಿ, ಹಳ್ಳದಂಥ ಸಾರ್ವಜನಿಕ ಭಾಗವಾದ ಬಿ ಖರಾಬಿಗೆ ನಿಮಗೆ ಬಾಡಿಗೆ ಬರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಗುತ್ತಿಗೆಗೂ ಸರ್ಕಾರದ ಪೂರ್ವಾನುಮತಿ ಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಹದ್ದುಬಸ್ತು, ಅಂದರೆ ಅಳೆಸಿ ಗಡಿ ಗುರುತಿಸಿಕೊಳ್ಳುವುದು. ಜೆಸಿಬಿ ಇಳಿದ ಮೇಲೆ ಬದು, ಗಡಿಕಲ್ಲು, ಹುಣಸೆಮರ ಒಂದೂ ಉಳಿಯುವುದಿಲ್ಲ. 28 ವರ್ಷದ ನಂತರ ನಿಮ್ಮ ಮಕ್ಕಳು ಎಲ್ಲಿಂದ ಎಲ್ಲಿಗೆ ಎಂದು ಹುಡುಕಬೇಕು? ಜಮೀನು ಬಿಟ್ಟುಕೊಡುವ ಮೊದಲೇ ಸರ್ವೆಯರ್‌ನಿಂದ ಅಳೆಸಿ, ನಕ್ಷೆಯನ್ನು ಕರಾರಿಗೆ ಲಗತ್ತಿಸಬೇಕು.

ಕರಾರಿನಲ್ಲಿ ಬಾಡಿಗೆ ಶುರುವಾಗುವುದು ಯಾವ ದಿನದಿಂದ ಎಂದು ಓದಿ. "ಸ್ಥಾವರ ಚಾಲೂ ಆದ ದಿನದಿಂದ" ಎಂದಿದ್ದರೆ, ಟೋಕನ್ ಹಣ ಕೊಟ್ಟು ಎರಡು ವರ್ಷ ಜಮೀನು ಕಟ್ಟಿಹಾಕುತ್ತಾರೆ. ಉಳುಮೆಯೂ ಇಲ್ಲ, ಬಾಡಿಗೆಯೂ ಇಲ್ಲ. ಸಹಿ ಮಾಡುವ ಕಂಪನಿ ಬಹಳ ಸಲ ಆ ಒಂದು ಸ್ಥಾವರಕ್ಕೆಂದೇ ಹುಟ್ಟಿದ್ದು; ಅದು ಕೈಯೆತ್ತಿದರೆ ಬಾಡಿಗೆ ಕೇಳಲು ಬೇರೆ ಯಾರೂ ಇರುವುದಿಲ್ಲ. ಪಾವಗಡದಲ್ಲಿ ಗುತ್ತಿಗೆ ಹಿಡಿದದ್ದು ಸರ್ಕಾರಿ ಸಂಸ್ಥೆ. ಖಾಸಗಿಯವರಾದರೆ ಒಂದು ವರ್ಷದ ಬಾಡಿಗೆ ಠೇವಣಿಯೋ ಬ್ಯಾಂಕ್ ಗ್ಯಾರಂಟಿಯೋ ಕೇಳಿ. ಗುತ್ತಿಗೆ ಹಕ್ಕನ್ನು ಅವರು ಸಾಲಕ್ಕೆ ಅಡವಿಡಲಿ, ಜಮೀನನ್ನಲ್ಲ. ಅವಧಿ ಮುಗಿದಾಗ ಕಂಬ, ಕಾಂಕ್ರೀಟ್, ಕೇಬಲ್ ಕಿತ್ತು ಒಯ್ಯುವ ಖರ್ಚು ಯಾರದೆಂದು ಬರೆದಿರಲಿ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಛಾಪಾ ಕಾಗದದ ಮೇಲಿನ ಸಹಿಗೆ ಬೆಲೆಯಿಲ್ಲ. ಮತ್ತೊಂದು: ಕೂಲಿಗೆ ಬರುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯಲ್ಲಿ ಪೈಸೆಯಿಲ್ಲ. ಹುಲ್ಲು ಕೊಯ್ಯುವ, ಪ್ಯಾನೆಲ್ ತೊಳೆಯುವ, ಕಾವಲಿನ ಕೆಲಸ ಊರಿನವರಿಗೇ ಎಂಬ ಷರತ್ತು ಹಾಕಿಸಲು ಸಹಿಗೆ ಮುಂಚೆ ಮಾತ್ರ ನಿಮಗೆ ಬಲವಿರುತ್ತದೆ.

ಇಲ್ಲಿಂದಲೇ ಸಹಿ ಮಾಡಬೇಕಾದವರು ಎಲ್ಲ ವ್ಯವಹಾರಕ್ಕೂ ಅಧಿಕಾರ ಕೊಡುವ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕೊಡಬೇಡಿ. ಸರ್ವೆ ನಂಬರ್, ವಿಸ್ತೀರ್ಣ, ಗುತ್ತಿಗೆ ಮಾತ್ರ, ಮಾರಾಟವಿಲ್ಲ ಎಂದು ಬರೆದ ವಿಶೇಷ ಅಧಿಕಾರ ಪತ್ರ ಸಾಕು. ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದ ಮೇಲೆ, ಅದು ಊರು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಬಾಡಿಗೆ ಬರಬೇಕಾದ್ದು ನಿಮ್ಮ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳ ಭಾರತದ ಆದಾಯಕ್ಕಿರುವ ಬ್ಯಾಂಕ್ ಖಾತೆ). ಸೋಲಾರ್ ಬಾಡಿಗೆ ಕೃಷಿ ಆದಾಯವಲ್ಲ, ತೆರಿಗೆ ವಿನಾಯ್ತಿಯಿಲ್ಲ. ಅನಿವಾಸಿ ಎಂದು ತಿಳಿಸಿದರೆ ಕಂಪನಿ ಬಾಡಿಗೆಯಲ್ಲಿ ಶೇ 30ಕ್ಕೂ ಹೆಚ್ಚನ್ನು ಟಿಡಿಎಸ್ (ಮೊದಲೇ ಕಡಿತ ಮಾಡುವ ತೆರಿಗೆ) ಎಂದು ಹಿಡಿಯುತ್ತದೆ. ಹೆಚ್ಚು ಹಿಡಿದದ್ದು ರಿಟರ್ನ್ ಸಲ್ಲಿಸಿದರೆ ವಾಪಸು ಬರುತ್ತದೆ. ಅದಕ್ಕೆ ಪ್ಯಾನ್ ಚಾಲ್ತಿಯಲ್ಲಿರಬೇಕು.